ಯೂಸುಫ್ ಮಾಸ್ತರರ ಊರಿನ ದಾರಿ

ಆಗಿನ್ನೂ ಕೊಲ್ಲಿಯ ಊರುಗಳಲ್ಲಿ ಗಾಜಿನ ಕಟ್ಟಡಗಳು ಎದ್ದಿರಲಿಲ್ಲ. ಅಪ್ಪ ಧಾರವಾಡದಿಂದ ಅಲ್ಲಿನ ಎಣ್ಣೆ ಕಂಪನಿಯ ದವಾಖಾನೆಗೆ ಕಂಪೌಂಡರಾಗಿ ಹೋಗಿದ್ದರು. ನನಗೆ ಹತ್ತು ವರ್ಷ. ಶಾಲೆಯ ಬಿಡುವಿನಲ್ಲಿ ಉಸುಕಿನಲ್ಲಿ ಗೋಲಿಯಾಡುತ್ತಿದ್ದೆವು. ಅವ್ವನ ಚಪಾತಿ, ಶೇಂಗಾ ಚಟ್ನಿ ಗೆಳೆಯ ಸಮೀರನಿಗೆ ಕೊಟ್ಟು, ಅವನ ಆಲಿವ್ ಎಣ್ಣೆ ಸವರಿದ ರೊಟ್ಟಿ ತಿನ್ನುತ್ತಿದ್ದೆ.

ಸಮೀರನಂತೆ ನಮ್ಮ ಯೂಸುಫ್ ಮಾಸ್ತರರೂ ಪ್ಯಾಲೆಸ್ಟೈನಿನವರು, ಊರು ಕಳೆದುಕೊಂಡು ಬಂದ ತರುಣ. ಭೂಗೋಳದ ಪಾಠ ಮುಗಿದ ಮೇಲೆ ಬೋರ್ಡಿನ ಮೇಲೆ ತಮ್ಮೂರಿನ ಗುಡ್ಡ, ಒರತೆ, ಆಲಿವ್ ಗಾಣ, ಶಾಲೆ ಬರೆದು ದಾರಿ ತೋರಿಸುತ್ತಿದ್ದರು. “ಈಗ ನಿಮ್ಮ ಗುಡ್ಡ, ನಿಮ್ಮ ನೀರು ಹೇಳಿ” ಎನ್ನುತ್ತಿದ್ದರು.

ಹೊರಗಿನವರು ರಾಜಕೀಯವೆನ್ನಿಸುವ ಮಾತಾಡಿದರೆ ಅಲ್ಲಿ ಕೆಲಸ ಹೋಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ಗೊತ್ತಿತ್ತು. ಸಮೀರ ಹೇಳಿದ್ದ.

ಒಂದು ಬೆಳಿಗ್ಗೆ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಮಾಸ್ತರರನ್ನು ಹೊರಗೆ ಕಳಿಸಿ, “ಪುಸ್ತಕದಲ್ಲಿ ಇಲ್ಲದ್ದೇನಾದರೂ ಇವರು ಕಲಿಸುತ್ತಾರೆಯೇ?” ಎಂದು ಕೇಳಿದರು. ಸಮೀರ ನೆಲ ನೋಡಿದ. ಉತ್ತರ ಬರುವಾಗ ಕೈ ಎತ್ತದೆ ಕೂರುವುದು ನನ್ನಿಂದಾಗದು. ಎದ್ದು ಬೋರ್ಡಿಗೆ ಹೋಗಿ, ಮಾಸ್ತರರ ಊರಿನ ಗುಡ್ಡದಿಂದ ಶಾಲೆಯವರೆಗೆ ಒಂದು ತಿರುವೂ ತಪ್ಪದೆ ಬರೆದು ತೋರಿಸಿದೆ. ಸಾಹೇಬರು ಬೆನ್ನು ತಟ್ಟಿದರು.

ವಾರದೊಳಗೆ ಮಾಸ್ತರರು ಆ ದೇಶವನ್ನೇ ಬಿಡಬೇಕಾಯಿತು. ಗೇಟಿನಲ್ಲಿ ನನ್ನ ತಲೆ ಸವರಿ, “ದಾರಿ ಚೆನ್ನಾಗಿ ನೆನಪಿಟ್ಟಿದ್ದೀ” ಎಂದರು.

“ಖರೇನ ಹೇಳ್ಯಾನ. ಅದರಾಗೇನು ತಪ್ಪು?” ಎಂದಳು ಅವ್ವ.

“ಶಾಣ್ಯಾ ಆಗಾಕ ಹೋಗಿ ಒಬ್ಬರ ಅನ್ನ ಕಸಕೊಂಡಾನ ನಿನ್ನ ಮಗ” ಎಂದರು ಅಪ್ಪ.

ಸಮೀರ ಮತ್ತೆ ರೊಟ್ಟಿ ಕೊಡಲಿಲ್ಲ.

ಮಾಸ್ತರರು ಮುಂದೆ ನಿರಾಶ್ರಿತರ ಡೇರೆಗಳಲ್ಲಿ ಶಾಲೆ ತೆರೆದರು. ತಮ್ಮ ಜನರ ಶಿಕ್ಷಣ ಮಂತ್ರಿಯಾದರು, ದೇಶದೇಶಗಳಲ್ಲಿ ಅವರ ಪರವಾಗಿ ಮಾತಾಡಿದರು. ಪತ್ರಿಕೆಯಲ್ಲಿ ಅವರ ಚಿತ್ರ ಕಂಡಾಗಲೆಲ್ಲ ಪುಟ ತಿರುವಿದೆ. ಕ್ಷಮೆ ಕೇಳಿ ನಾಲ್ಕು ಸಾಲು ಬರೆಯಬಹುದಿತ್ತು. ಈ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ನಾನೀಗಿರುವ ಪರದೇಶದ ಊರು ಬಾಟನಿ ಡೌನ್ಸ್‌ನಲ್ಲಿ, ಮಗನ ಮನೆಯ ಟೀವಿಯಲ್ಲಿ ನೋಡಿದೆ. ಅವರ ಊರನ್ನೂ ತೋರಿಸಿದರು. ಗುಡ್ಡವಿತ್ತು. ಗಾಣವಿರಲಿಲ್ಲ, ಶಾಲೆಯಿರಲಿಲ್ಲ.

ಇಲ್ಲಿನ ಶಾಲೆಯಲ್ಲಿ ಮಕ್ಕಳು ಈ ನೆಲದ ಮೂಲನಿವಾಸಿಗಳಾದ ಮಾವೊರಿಗಳ ರೂಢಿಯಂತೆ ಮೊದಲು ತಮ್ಮ ಬೆಟ್ಟ, ನದಿ ಹೇಳಿ ಆಮೇಲೆ ಹೆಸರು ಹೇಳುತ್ತಾರೆ. ಮೊನ್ನೆ ಮೊಮ್ಮಗಳು ಪೆನ್ಸಿಲ್ ಹಿಡಿದು ಬಂದಳು.

“ಅಜ್ಜಾ, ವಿಚ್ ಈಸ್ ಅವರ್ ಮೌಂಟನ್?”

ಧಾರವಾಡದ್ದು ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದು ಆ ಗುಡ್ಡ, ಆ ಒರತೆ, ಗಾಣದ ಪಕ್ಕದ ತಿರುವು. ಆ ದಾರಿ ಬಲ್ಲವರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೋ.

“ಗೊತ್ತಿಲ್ಲವ್ವಾ” ಎಂದೆ.