ಸಿರಿಗಂಪು ಕಾಫಿಯಲ್ಲಿ ಕರಿಸಿದ್ದಪ್ಪನ ಪಾಲು

ಹಿರಿಯೂರು ಬಸ್‌ಸ್ಟ್ಯಾಂಡಿನ ಎದುರಿಗಿರುವ ಸಿರಿಗಂಪು ಕಾಫಿಪುಡಿ ಅಂಗಡಿಯನ್ನು ಕಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲಿಗೆ ಗಿರಾಕಿ ತಂದವನು ನನ್ನ ಭಾವ ಕರಿಸಿದ್ದಪ್ಪ. ಕೂತು ಉಣ್ಣುತ್ತಿರುವವರು ಬೇರೆ.

ಭಾವ ಜವನಗೊಂಡನಹಳ್ಳಿಯ ಕುರಿ ಕಾಯುವ ಮನೆಯವನು. ಎಪ್ಪತ್ತೆರಡನೇ ಇಸವಿಯಲ್ಲಿ ನನ್ನ ಅಕ್ಕ ಈರಕ್ಕನ ಕುರಿಗಳನ್ನು ಮಾರಿ, ಸಿರಿಗಂಪು ಕಂಪನಿಯಿಂದ ಐದು ವರ್ಷದ ಕರಾರಿಗೆ ಆ ಅಂಗಡಿ ಹಿಡಿದ. ಬೋರ್ಡು, ಬೀಜ ಪುಡಿ ಮಾಡುವ ಮಿಷನ್ನು ಎಲ್ಲ ಕಂಪನಿಯದು. ಚಿಕೋರಿ ಎಷ್ಟು ಬೆರೆಸಬೇಕು, ಪೊಟ್ಟಣ ಹೇಗೆ ಮಡಿಸಬೇಕು ಎಂಬುದೂ ಅವರು ಹೇಳಿದಂತೆಯೇ. ಆದರೆ ಆಗ ನಮ್ಮ ಹಳ್ಳಿಗಳ ಕಡೆ ಕಾಫಿ ಕುಡಿಯುವವರು ಎಷ್ಟು ಮಂದಿ? ಬಬ್ಬೂರು ಫಾರಂಗೆ ಹೋಗುವ ಕೂಲಿ ಹೆಂಗಸರನ್ನು ನಿಲ್ಲಿಸಿ, "ಬರ್ರಕ್ಕಾ, ಒಂದು ಗುಟುಕು ಕುಡ್ದು ನೋಡ್ರಿ. ಚೆನ್ನಾಗಿಲ್ದಿದ್ರೆ ನನ್ ಮಕಕ್ಕೆ ಉಗೀರಿ" ಎಂದು ಕುಡಿಸಿ ಕುಡಿಸಿ ರೂಢಿ ಮಾಡಿದ.

"ಉಗಿಯಾಕೆ ಜಾಗ ಎಲ್ಲೈತೋ, ಮಕದ ತುಂಬ ಬರೀ ಮೀಸೆ!" ಎನ್ನುತ್ತಿದ್ದಳು ಕಾಳಕ್ಕ ಎಂಬಾಕೆ. ಪುಡಿ ಮಾತ್ರ ಬಿಡದೆ ಒಯ್ಯುತ್ತಿದ್ದಳು.

ಐದು ವರ್ಷಕ್ಕೆ ಕರಾರು ಮುಗಿಯಿತು. ಕಂಪನಿ ಅಂಗಡಿಯನ್ನು ತೆಂಗಿನಕಾಯಿ ಮಂಡಿಯ ಸಾಹುಕಾರನೊಬ್ಬನಿಗೆ ಕೊಟ್ಟಿತು. ಭಾವ ನಗುತ್ತಲೇ ಇದ್ದ. "ಹೋಗ್ಲಿ ಬಿಡಲೇ, ಅರ್ಧ ಪಾಲು ಬರ್ತೈತಲ್ಲ" ಎಂದ.

ಅವನ ಲೆಕ್ಕವೇ ಬೇರೆ. ನಮ್ಮಲ್ಲಿ ಕುರಿಯನ್ನು ಪಾಲಿಗೆ ಸಾಕುತ್ತಾರೆ. ತಾಯಿಕುರಿ ಕೊಟ್ಟವನದು, ಹುಟ್ಟಿದ ಮರಿಗಳಲ್ಲಿ ಅರ್ಧ ಸಾಕಿದವನದು. ಅಂಗಡಿಯ ಹೆಸರು ಕಂಪನಿ ಕೊಟ್ಟ ತಾಯಿಕುರಿ, ತಾನು ಗಳಿಸಿದ ಗಿರಾಕಿಗಳು ಅದರ ಮರಿಗಳು ಎಂದು ನಂಬಿಕೊಂಡೇ ದುಡಿದಿದ್ದ.

ಅವನನ್ನು ಎಳೆದುಕೊಂಡು ಚಿತ್ರದುರ್ಗದ ವಕೀಲ ಗೋವಿಂದಯ್ಯನವರ ಬಳಿ ಹೋದೆ.

"ಏಜೆನ್ಸೀಲಿ ಎರಡು ಥರ ಅವೆ ಕಣಪ್ಪ" ಎಂದರು ಅವರು. "ಅವರ ಮಾಲು ತಂದು ನಿನ್ನಂಗಡೀಲಿ ನಿನ್ನಿಷ್ಟದಂಗೆ ಮಾರೋದು ಒಂದು. ಅವರ ಹೆಸರು, ಅವರ ಪದ್ಧತಿ ಹಿಡ್ಕಂಡು ಅಂಗಡೀನೇ ನಡೆಸೋದು ಇನ್ನೊಂದು. ನಿಂದು ಎರಡನೇದು. ಇದಕ್ಕೇ ಅಂತ ಬೇರೆ ಕಾನೂನಿಲ್ಲ, ನೀನು ಒಪ್ಪಿದ ಕರಾರೇ ಕಾನೂನು. ಅದರಾಗೆ ಗಿರಾಕಿ ಪಾಲಿನ ಸುದ್ದಿನೇ ಇಲ್ಲ."

"ಮರಿಗಳು, ಸ್ವಾಮಿ?" ಎಂದ ಭಾವ.

ನಾನು ಮೇಜು ಗುದ್ದಿದೆ.

"ಮೇಜು ನಂದು ಕಣಪ್ಪ, ಕಂಪನೀದಲ್ಲ" ಎಂದ ವಕೀಲರು ಭಾವನ ಕಡೆ ತಿರುಗಿದರು. "ಕರಾರು ಮುಗಿದ್ಮೇಲೂ ಎರಡು ವರ್ಷ ನೀನು ಕಾಫಿಪುಡಿ ಮಾರಬಾರದು ಅಂತ ಬರ್ಕಂಡವ್ರಲ್ಲ, ಅದು ಕೋರ್ಟಲ್ಲಿ ನಿಲ್ಲಲ್ಲ. ಬೇರೆ ಹೆಸರಲ್ಲಿ ಅಂಗಡಿ ಹಾಕು."

"ಮೊದ್ಲು ನನ್ ಪಾಲು ಕೊಡ್ಲಿ."

ಎಷ್ಟು ಬೈದರೂ ಅದೊಂದೇ ಮಾತು. ಅಂಗಡಿ ಎದುರಿನ ಕಟ್ಟೆಯ ಮೇಲೆ ಕೂತು, ಬಂದವರನ್ನೆಲ್ಲ ನೋಡುತ್ತ, "ಇವ್ರು ನನ್ನೋರು" ಎನ್ನುತ್ತಿದ್ದ. ಕಾಳಕ್ಕ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಭಾವ ತೀರಿಕೊಂಡ. ತಿಥಿಗೆ ಬಂದ ಸಾಹುಕಾರ ಅಕ್ಕನ ಕೈಗೊಂದು ಪೊಟ್ಟಣ ಕಾಫಿಪುಡಿ ಇಟ್ಟ. ನಾನು ಕಿತ್ತು ಅಂಗಳಕ್ಕೆ ಎಸೆದೆ.

"ಯಾಕೋ ಎಸ್ದೆ?" ಎಂದಳು ಅಕ್ಕ, ಮಣ್ಣಲ್ಲಿ ಚೆಲ್ಲಿದ್ದನ್ನು ನೋಡುತ್ತ. "ನಿಮ್ ಭಾವನ ಪಾಲಲ್ಲಿ ಅಷ್ಟಾದ್ರೂ ಬಂದಿತ್ತಲ್ಲೋ."

ಮಿಕ್ಕದ್ದು ಇವತ್ತಿನವರೆಗೂ ಬಂದಿಲ್ಲ.