ಮೂರನೆಯ ಸೀಸೆ, ಏಳನೆಯ ಸೀಸೆ

ಕಂಪೌಂಡರ್ ಕಾಕಾನ ಮೂಗಿನ ಎಡ ಹೊಳ್ಳೆ ಬಲ ಹೊಳ್ಳೆಗಿಂತ ದೊಡ್ಡದಿತ್ತು. ಹುಟ್ಟಿನಿಂದ ಬಂದದ್ದಲ್ಲ ಎಂದು ಅವರೇ ಹೇಳುತ್ತಿದ್ದರು. ಮೂವತ್ತು ವರ್ಷ ಬಲ ಹೊಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಡದಿಂದಲೇ ಔಷಧದ ಸೀಸೆಗಳನ್ನು ಮೂಸಿ ಮೂಸಿ ಹಾಗಾಯಿತಂತೆ. ನಾನು ನಂಬಲಿಲ್ಲ. ಮೂಸುವುದರಿಂದ ಮೂಗು ಅಗಲವಾಗುವುದಾದರೆ ಊರ ನಾಯಿಗಳಿಗೆ ಮುಖವೆಲ್ಲ ಮೂಗೇ ಇರಬೇಕಿತ್ತು ಎಂದು ಮೊದಲ ದಿನವೇ ವಾದ ಹೂಡಿದೆ. ಕಾಕಾ ನಕ್ಕರು. ಪಕ್ಕದಲ್ಲಿದ್ದವರ ಕಡೆ ತಿರುಗಿ, "ನಮ್ಮ ಮೀಟಿಂಗಿಗೆ ಒಬ್ಬ ವಕೀಲ ಕಡಿಮಿ ಇದ್ದ, ಸಿಕ್ಕ ನೋಡ್ರಿ" ಅಂದರು. ಅಂದಿನಿಂದ ನಾನು ವಕೀಲ. ಕಾನೂನು ಓದಿದವನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎರಡು ಸಲ ಷೀಲ್ಡು ಗೆದ್ದವನು, ಅಷ್ಟೇ.

ಗಂಗಾವತಿಯಲ್ಲಿ ಒಬ್ಬ ಖಾಸಗಿ ಡಾಕ್ಟರರ ದವಾಖಾನೆಯಲ್ಲಿ ಅವರು ಔಷಧ ಕಲಸಿ ಕೊಡುತ್ತಿದ್ದರು. ನಮಗೆ ರಕ್ತಸಂಬಂಧಿಯಲ್ಲ; ಓಣಿಗೆಲ್ಲ ಕಾಕಾ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ, ಪ್ರತಿ ತಿಂಗಳ ಕೊನೆಯ ರವಿವಾರ ಮಧ್ಯಾಹ್ನ ಅವರ ಹಿತ್ತಲಿನ ಬೇವಿನ ನೆರಳಿಗೆ ಜಮಖಾನೆ ಬೀಳುತ್ತಿತ್ತು. ಮನೆಯಲ್ಲಿ ಹಣ್ಣಿನ ರಸ ಹುದುಗಿಸಿ ಮದ್ಯ ಮಾಡುವ ಹುಚ್ಚಿನ ಒಂಬತ್ತು ಮಂದಿ ಸುತ್ತ ಕೂರುತ್ತಿದ್ದೆವು. ದ್ರಾಕ್ಷಿ, ನೇರಳೆ, ಬಾಳೆಹಣ್ಣು, ಉತ್ತತ್ತಿ, ಸಿಕ್ಕಿದ್ದನ್ನು ಸಕ್ಕರೆ ಹಾಕಿ ಉಪ್ಪಿನಕಾಯಿ ಭರಣಿಗೆ ತುಂಬಿ, ಬಾಯಿಗೆ ಹಳೇ ಧೋತರದ ತುಂಡು ಕಟ್ಟಿ, ನಲವತ್ತು ದಿನಕ್ಕೆ ಸೋಸುವುದು. ಪಕ್ಕದ ಮರಳಿ ಊರಿನಿಂದ ಸೈಕಲ್ ತುಳಿದು ಬರುತ್ತಿದ್ದ ಗದ್ದೆಯ ಯಜಮಾನರೊಬ್ಬರು ಅಕ್ಕಿ ಬೆಲ್ಲ ಸೇರಿಸಿ ಏನೋ ಒಂದು ತರುತ್ತಿದ್ದರು. ಅದಕ್ಕೆ ಕೊನೆಯವರೆಗೂ ಹೆಸರಿಡಲಾಗಲಿಲ್ಲ. ಭಟ್ಟಿ ಇಳಿಸಿದ್ದು ಮಾತ್ರ ನಿಷಿದ್ಧ. "ಬೆಂಕಿ ಕಂಡಿದ್ದು ಈ ಹಿತ್ತಲಕ್ಕ ಬರಂಗಿಲ್ಲ" ಎನ್ನುವುದು ಕಾಕಾ ಹಾಕಿದ ಮೊದಲ ಕಟ್ಟಳೆ.

ಉಳಿದ ಕಟ್ಟಳೆಗಳೂ ಅವರವೇ. ಸೀಸೆಗಳಿಗೆ ಹಳೇ ಪತ್ರಿಕೆ ಸುತ್ತಿ ಮೇಲೆ ಅಂಕಿ ಬರೆಯಬೇಕು. ಯಾರದು ಯಾವುದೆಂದು ಯಾರಿಗೂ ತಿಳಿಯಬಾರದು. ಆ ಕೆಲಸ ಕಾರ್ಯದರ್ಶಿಯಾದ ನನ್ನದು. ದವಾಖಾನೆಯಿಂದ ತಂದ ಒಂದೇ ಒಂದು ಔನ್ಸ್ ಗ್ಲಾಸು ಸುತ್ತು ಹೋಗಬೇಕು, ಒಬ್ಬೊಬ್ಬರಿಗೂ ತೊಳೆದು ಅರ್ಧ ಔನ್ಸು, ಅದಕ್ಕೂ ಗೆರೆ ನೋಡಿ. ಕುಡಿದವನು ಎಂಥ ರುಚಿ ಎಂದು ಹೇಳಿಯೇ ಗ್ಲಾಸು ದಾಟಿಸಬೇಕು. ನಾನದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. "ಛಲೋ ಐತಿ" ಎಂದು ಹೇಳುವಂತಿರಲಿಲ್ಲ. ಹೇಳಿದವನನ್ನು ಕಾಕಾ ಅಲ್ಲೇ ಹಿಡಿಯುತ್ತಿದ್ದರು. "ಛಲೋ ಅನ್ನೂದು ರುಚಿ ಅಲ್ಲಪಾ, ಮರ್ಯಾದಿ. ಬೀಗರ ಮನ್ಯಾಗ ಇಟ್ಕೊ ಅದನ್ನ. ಎಂಥಾದ್ದು, ಅದನ್ನ ಹೇಳು." ಹಾಗಾಗಿ ನಮ್ಮ ಪುಸ್ತಕದ ತುಂಬ ಹೊಸ ಗೋಣಿಚೀಲ, ಗಾಣದ ಮನೆಯ ಬಾಗಿಲು, ಬಳಪ ನೆಕ್ಕಿದಂಗ, ಮದುವೆ ಮುಗಿದ ಮರುದಿನದ ಚಪ್ಪರ ಇಂಥವೇ ಇವೆ.

ಮೊದಮೊದಲು ಎಲ್ಲರಿಗಿಂತ ಮುಂಚೆ ಹೇಳುತ್ತಿದ್ದವರು ಕಾಕಾ. ಎಡ ಹೊಳ್ಳೆ ಒಮ್ಮೆ ಅರಳಿತೆಂದರೆ ಭರಣಿ ಬಿಸಿಲಿಗಿತ್ತೋ ನೆರಳಿಗಿತ್ತೋ ಎನ್ನುವುದನ್ನೂ ಹೇಳಿಬಿಡುತ್ತಿದ್ದರು.

ಈಗ ಫಿಟ್ಟರಣ್ಣನ ಮಾತು. ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್. ಕೈ ಬಂಗಾರ, ಬಾಯಿ ಸರಾಯಿ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಸರಾಯಿ ಅಂಗಡಿಯಿಂದ ಅವನನ್ನು ಹೊತ್ತು ತಂದವರಲ್ಲಿ ನಾನೂ ಒಬ್ಬ. ಒಂದು ದಿನ ಕಾಕಾ ಅವನಿಗೆ ಒಂದು ಭರಣಿ, ಎರಡು ಸೇರು ನೇರಳೆ ಹಣ್ಣು ಕೊಟ್ಟು, ನಲವತ್ತು ದಿನ ಇದನ್ನು ಕೆಡದಂತೆ ಕಾಯಿ, ಆಮೇಲೆ ನೋಡೋಣ ಎಂದಿದ್ದರು. ಇದೆಂಥ ಚಿಕಿತ್ಸೆ, ಕುಡುಕನಿಗೆ ಕುಡಿತ ಕಲಿಸಿದಂತಲ್ಲವೇ ಎಂದು ನಾನು ಆಕ್ಷೇಪ ಎತ್ತಿದ್ದೆ. ವಾದದಲ್ಲಿ ನಾನೇ ಗೆದ್ದೆ. ಆದರೆ ಫಿಟ್ಟರಣ್ಣ ನಲವತ್ತು ದಿನ ಅಂಗಡಿಗೆ ಹೋಗಲಿಲ್ಲ. ಮಿಲ್ಲಿನಿಂದ ನೇರ ಮನೆಗೆ ಬಂದು ಭರಣಿಗೆ ಕಿವಿ ಹಚ್ಚಿ, ಒಳಗೆ ಗುಳುಗುಳು ಎನ್ನುತ್ತಿದೆಯೋ ಇಲ್ಲವೋ ಎಂದು ಕೇಳುತ್ತ ಕೂರುತ್ತಿದ್ದನಂತೆ. ರವಿವಾರ ತಂದ. ಕಾಕಾ ಮೂಸಿ, ಗುಟುಕರಿಸಿ, ಕಣ್ಣುಮುಚ್ಚಿ ಹೇಳಿದರು: "ಮಳಿ ಬಿದ್ದ ಮ್ಯಾಲ ನೇರಳಿ ಗಿಡದ ಬುಡಕ ನಿಂತಂಗ ಐತಿ." ಫಿಟ್ಟರಣ್ಣ ತಲೆ ಬಗ್ಗಿಸಿಕೊಂಡು ಜಮಖಾನೆಯ ಎಳೆ ಕೀಳುತ್ತ ಕೂತ. ಅವನ ಬದುಕಿನಲ್ಲಿ ಅವನ ಬಗ್ಗೆ ಯಾರೂ ಅಷ್ಟು ಸರಿಯಾಗಿ ಒಂದು ಮಾತು ಆಡಿರಲಿಲ್ಲವೆಂದು ತೋರುತ್ತದೆ. ಅಲ್ಲಿಂದ ಮುಂದೆ ತಿಂಗಳಿಗೊಂದು ಅರ್ಧ ಔನ್ಸಿನ ಸುತ್ತು, ಕಾಕಾನ ಒಂದು ಮಾತು, ಅಷ್ಟರ ಮೇಲೆಯೇ ಅವನು ಮೂರು ವರ್ಷ ನಿಂತ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ವಾದಿಸುವಂತಿಲ್ಲ.

ಎಂಬತ್ತರ ದಶಕದ ಮೊದಲಿನ ಒಂದು ಬೇಸಿಗೆಯಲ್ಲಿ ಕಾಕಾ ಮುಚ್ಚಳ ತೆಗೆಯುವಾಗ ಅಮೋನಿಯಾ ಸೀಸೆ ಮುಖಕ್ಕೇ ಉಕ್ಕಿತು. ಹದಿನೈದು ದಿನ ಕಣ್ಣಿಗೆ ಪಟ್ಟಿ. ಕಣ್ಣು ಉಳಿಯಿತು ಎಂದು ನಾವೆಲ್ಲ ಸಮಾಧಾನಪಟ್ಟೆವು. ಮೂಗಿನ ಸುದ್ದಿ ಯಾರೂ ಕೇಳಲಿಲ್ಲ. ಮುಂದಿನ ಮೀಟಿಂಗಿನಿಂದ ಕಟ್ಟಳೆ ಸ್ವಲ್ಪ ಬದಲಾಯಿತು. ಅಧ್ಯಕ್ಷ ಮೊದಲು ಬಾಯಿಬಿಟ್ಟರೆ ಉಳಿದವರು ಅದನ್ನೇ ಹಾಡುತ್ತಾರೆ, ಇನ್ನು ಮೇಲೆ ಕಾರ್ಯದರ್ಶಿ ಮೊದಲು, ನಾನು ಕೊನೆಗೆ ಎಂದರು. ನ್ಯಾಯವಾದ ಮಾತೇ. ನಾನೇ ಅನುಮೋದಿಸಿ ಬರೆದುಕೊಂಡೆ.

ಎರಡು ವರ್ಷದ ಮೇಲೆ, ಒಂದು ದಿನ ಕೆಲಸವಿಲ್ಲದೆ ನಡಾವಳಿ ಪುಸ್ತಕ ತಿರುವುತ್ತಿದ್ದೆ. ಆ ಬೇಸಿಗೆಯಿಂದ ಈಚೆಗೆ ಕಾಕಾ ಹೇಳಿದ ಒಂದೊಂದು ಮಾತೂ ಅವರಿಗಿಂತ ಮೊದಲು ಯಾರೋ ಹೇಳಿದ್ದೇ. ನನ್ನದರಿಂದ ಅರ್ಧ, ಮರಳಿಯವರದರಿಂದ ಅರ್ಧ, ಚಂದ ಮಾಡಿ ಹೊಲಿದದ್ದು. ಹೊಸದೊಂದು ಪದವಿಲ್ಲ. ಆಗ ನನಗೆ ಆದ ಖುಷಿಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎದುರು ಪಕ್ಷದ ಮಾತಿನಲ್ಲಿ ತೂತು ಕಂಡಾಗ ಆಗುವ ಖುಷಿ ಅದು. ಅದರ ಮುಂದೆ ಯಾವ ನೇರಳೆಯ ರಸವೂ ನಿಲ್ಲದು.

ಆಗಸ್ಟಿನ ಮೀಟಿಂಗಿಗೆ ಫಿಟ್ಟರಣ್ಣ ನೇರಳೆಯದು ತಂದಿದ್ದ. ಹಿಂದಿನ ದಿನವೇ ಸೀಸೆ ನನ್ನ ಕೈಗೆ ಕೊಟ್ಟು, ಇದು ಹಿಂದಿನವುಗಳಿಗಿಂತ ಬೇರೆ, ನೋಡುತ್ತಿರು ಎಂದಿದ್ದ. ನಾನು ಅದನ್ನು ಎರಡು ಸೀಸೆಗೆ ಹಂಚಿದೆ. ಒಂದಕ್ಕೆ ಮೂರು ಎಂದು ಬರೆದೆ, ಇನ್ನೊಂದಕ್ಕೆ ಏಳು.

ಮೂರನೆಯದು ಬಂದಾಗ ಮೊದಲು ಹೇಳಬೇಕಾದವನು ನಾನು. "ತೊಯ್ದ ಕಂಬಳಿ" ಎಂದೆ. ಸುಳ್ಳು. ಮರಳಿಯವರು ಮುಖ ಕಿವುಚಿ ಹೌದೆಂದರು. ಉಳಿದವರಿಗೂ ಕಂಬಳಿಯ ವಾಸನೆ ಹತ್ತಿತು. ಫಿಟ್ಟರಣ್ಣನ ಸರದಿ ಬಂತು. ಅವನು ಗುಟುಕರಿಸಿ, "ಕಂಬಳಿ ಎಲ್ಲೀದೋ ಮಾರಾಯ, ತೊಯ್ದ ನಾಯಿ ಐತಿ ಇದು" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ಕೊನೆಗೆ, ಕಂಬಳಿ ಹೊದ್ದು ಮಳೆಯಲ್ಲಿ ನಿಂತ ನಾಯಿ ಎಂದು ತೀರ್ಪು ಕೊಟ್ಟರು. ಏಳನೆಯದಕ್ಕೆ ನಾನು ಹಳೆಯ ಮಾತನ್ನೇ ತೆಗೆದೆ: ಮಳೆ ಬಿದ್ದ ನೇರಳೆ ಗಿಡ. ಮರಳಿಯವರು ಕಣ್ಣರಳಿಸಿದರು. ಹೊಗಳಿಕೆ ಸುತ್ತು ಬಂತು. ತನ್ನದು ಇದೇ ಎಂದು ಫಿಟ್ಟರಣ್ಣನಿಗೆ ಗೊತ್ತಾಗಿತ್ತು; ಕಾಕಾ ಗುಟುಕರಿಸಿದ ಗ್ಲಾಸನ್ನು ಇಸಿದುಕೊಂಡು ಕೈಯಲ್ಲೇ ಹಿಡಿದು ಅವರ ಬಾಯಿ ನೋಡುತ್ತ ಕೂತಿದ್ದ. ಕಾಕಾ, "ಇಂಥಾದ್ದು ಈ ಹಿತ್ತಲಾಗ ಇದs ಮೊದಲು" ಅಂದರು.

ಆಗ ನಾನು ಎದ್ದು ನಿಂತೆ. ಸ್ಪರ್ಧೆಯಲ್ಲಿ ನಿಲ್ಲುವ ಹಾಗೆಯೇ, ಪುಸ್ತಕ ಎದೆಗೆ ಹಿಡಿದುಕೊಂಡು. ಮೂರನೆಯದೂ ಏಳನೆಯದೂ ಒಂದೇ ಸೀಸೆಯದು ಎಂದೆ. ಎರಡು ವರ್ಷದ ಪುಟಗಳನ್ನು ಒಂದೊಂದಾಗಿ ಓದಿದೆ.

ಕಾಕಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಬರಕೊ ವಕೀಲ," ಅಂದರು, "ಅಧ್ಯಕ್ಷರ ಮೂಗು ಹೋಗಿ ಎರಡು ವರ್ಷಾತು ಅಂತ ಬರಕೊ."

ಫಿಟ್ಟರಣ್ಣ ಇನ್ನೂ ಗ್ಲಾಸು ಹಿಡಿದೇ ಇದ್ದ. "ಕಾಕಾರ, ಹಂಗಾರ ಎರಡು ವರ್ಷದಿಂದ ನನ್ನ ಸೀಸೆಕ್ಕ ನೀವು ಹೇಳಿದ್ದು?"

ಫಿಟ್ಟರಣ್ಣ ಗ್ಲಾಸನ್ನು ಜಮಖಾನೆಯ ಮೇಲೆ ಮೆಲ್ಲಗೆ ಇಟ್ಟ. "ನಾಯಿ ಅಂದೆನಲ್ರಿ. ನಂದನ್ನ ನಾನs ನಾಯಿ ಅಂದೆ" ಎಂದು, ಯಾರಿಗೆಂದಿಲ್ಲದೆ ಹೇಳಿ, ಚಪ್ಪಲಿ ಹಾಕಿಕೊಂಡು ಹೋದ. ಅವನು ಹೋದದ್ದು ಮನೆಯ ಕಡೆಗಲ್ಲ.

ಮರುದಿನ ನಾನು ಕಾಕಾನ ಮನೆಗೆ ಹೋದದ್ದು ಕ್ಷಮೆ ಕೇಳಲಿಕ್ಕಲ್ಲ, ವಾದ ಮುಗಿಸಲಿಕ್ಕೆ. ಸುಳ್ಳಿನ ಮೇಲೆ ನಿಂತ ಸಭೆ ಎಷ್ಟು ದಿನ ನಿಂತೀತು ಎಂದು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನೀ ಹೇಳಿದ್ದು ಖರೆ ಐತಿ," ಅಂದರು. "ಆದ್ರ ಹೇಳೂ ಮುಂದ ಗ್ಲಾಸ್ ಯಾರ ಕೈಯಾಗ ಐತಿ ನೋಡಬೇಕಾಗಿತ್ತು." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎದುರು ವಾದಿಸಬಹುದಿತ್ತು.

ಹೊರಗೆ ಬರುವಾಗ ಕಾಕು, ಅವರ ಹೆಂಡತಿ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು. "ಮೂಗು ಹೋದ ವಾರನ ಮೀಟಿಂಗ್ ಬಂದ್ ಮಾಡ್ತೀನಿ ಅಂದಿದ್ರು ಇವರು. ಫಿಟ್ಟರನ ಹೇಣ್ತಿ ಬಂದು ಇಲ್ಲೇ ಕುಂತು ಅತ್ತಳು. ಕಾಕಾ ಏನಂತಾರ ಅಂತ ಕೇಳಾಕ ಅಂವಾ ತಿಂಗಳಾನುಗಟ್ಲೆ ಅಂಗಡಿ ಕಡಿ ಹೊಳ್ಳಿ ನೋಡೂದಿಲ್ಲ, ಹೆಂಗರ ನಡಸ್ರಿ ಅಂದ್ಲು. ಅದಕ್ಕ ನಡಸಿದ್ರಪಾ."

ಆ ಹಿತ್ತಲಿನಲ್ಲಿ ಮತ್ತೆ ಜಮಖಾನೆ ಬೀಳಲಿಲ್ಲ. ಮರಳಿಯವರ ಸೈಕಲ್ ನಮ್ಮ ಓಣಿಗೆ ಬರುವುದು ನಿಂತಿತು.

ನನ್ನ ವಾದದಲ್ಲಿದ್ದ ತೂತು ನನಗೆ ಕಂಡದ್ದು ಬಹಳ ತಡವಾಗಿ. ಮೂರನ್ನೂ ಏಳನ್ನೂ ಬೇರೆ ಎಂದವರು ಕಾಕಾ ಒಬ್ಬರೇ ಅಲ್ಲ. ಮೂಗು ನೆಟ್ಟಗಿದ್ದ ಏಳು ಮಂದಿಯೂ ಹಾಗೆಯೇ ಅಂದಿದ್ದರು. ಮಾಡಿದವನೇ ಮೂರನೆಯದರಲ್ಲಿ ತನ್ನದನ್ನು ಗುರುತಿಸಿರಲಿಲ್ಲ. ನಾವು ಯಾರೂ ರಸ ಕುಡಿದಿರಲಿಲ್ಲ, ನನ್ನ ಮಾತು ಕುಡಿದಿದ್ದೆವು. ಹಾಗಿದ್ದ ಮೇಲೆ ನನ್ನ ಪರೀಕ್ಷೆಯಿಂದ ಸಾಬೀತಾದದ್ದು ಒಬ್ಬ ಸುಳ್ಳುಗಾರ ಮೊದಲು ಬಾಯಿಬಿಟ್ಟನೆಂಬುದು ಮಾತ್ರ. ಆ ಸುಳ್ಳುಗಾರ ನಾನು. ಇದನ್ನು ಫಿಟ್ಟರಣ್ಣನಿಗೆ ಹೇಳಬೇಕೆಂದು ಓಡಿದೆ. ನಿನ್ನದು ನಿಜಕ್ಕೂ ಮಳೆ ಬಿದ್ದ ನೇರಳೆಯೇ ಆಗಿತ್ತು, ಕಂಬಳಿ ನನ್ನ ಬಾಯಿಂದ ಬಂದದ್ದು ಎಂದು ಅವನ ಮಂಚದ ಪಕ್ಕ ಕೂತು ಹೇಳಿದೆ. ಅವನ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಉಬ್ಬಿತ್ತು. "ಇರಲಿ ಬಿಡೊ ವಕೀಲ" ಎಂದು ಗೋಡೆಯ ಕಡೆ ಹೊರಳಿದ. ಮುಂದಿನ ನೇರಳೆ ಹಣ್ಣಿನ ಕಾಲಕ್ಕೆ ಅವನಿರಲಿಲ್ಲ. ಮನೆಯ ಮೂಲೆಯಲ್ಲಿ ಭರಣಿ ಬೋರಲು ಬಿದ್ದಿತ್ತು.

ಕಾಕಾ ಅದಾದ ಮೇಲೆ ಒಂದು ವರ್ಷ ಇದ್ದರು. ತೀರಿಕೊಳ್ಳುವ ನಾಲ್ಕು ದಿನ ಮೊದಲು, ಮಧ್ಯಾಹ್ನದ ಊಟದ ಹೊತ್ತಿಗೆ, ಬರಲು ಹೇಳಿ ಕಳಿಸಿದರು. ದಮ್ಮು ಹೆಚ್ಚಾಗಿ ಗೋಡೆಗೆ ಒರಗಿ ಕೂತಿದ್ದರು. ಎಡ ಹೊಳ್ಳೆ ಈಗ ಗಾಳಿಗಾಗಿ ಮಾತ್ರ ಅರಳುತ್ತಿತ್ತು. ಗೂಡಿನ ಕಡೆ ಕೈ ತೋರಿಸಿದರು. ಪತ್ರಿಕೆ ಸುತ್ತಿದ ಸೀಸೆ. ಮೇಲೆ ನನ್ನದೇ ಅಕ್ಷರದಲ್ಲಿ ಏಳು. ಔನ್ಸ್ ಗ್ಲಾಸಿಗೆ ಅರ್ಧದ ಗೆರೆಯವರೆಗೆ ಹಾಕಿಸಿದರು.

"ನನಗಂತೂ ಗೊತ್ತಾಗೂದಿಲ್ಲ," ಅಂದರು. "ಅಂವಂದು ಇದೊಂದ ಉಳದೈತಿ. ನೀ ಕುಡದು ಹೇಳು."

ಕುಡಿದೆ. ಪೂರ್ತಿ ಹುಳಿಯಾಗಿತ್ತು. ಹುಳಿಯ ಹಿಂದೆ ಎಲ್ಲೋ ನೇರಳೆ ಇತ್ತೋ, ಇರಲೆಂದು ನಾನು ಬಯಸಿದೆನೋ, ಈ ಹೊತ್ತಿಗೂ ನಿರ್ಣಯಿಸಲಾರೆ. ಯಾವ ವೇದಿಕೆಯ ಮೇಲೂ ಮಾತಿಗೆ ತಡವರಿಸದವನು ನಾನು. ಕಂಬಳಿ ಸಿಗಲಿಲ್ಲ, ಮಳೆ ಸಿಗಲಿಲ್ಲ, ಗಿಡ ಸಿಗಲಿಲ್ಲ.

"ಛಲೋ ಐತಿ ಕಾಕಾ" ಅಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಎಂಥಾದ್ದು, ಅದನ್ನ ಹೇಳು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಕೈ ಚಾಚಿ ಗ್ಲಾಸು ಇಸಿದುಕೊಂಡು, ತೊಳೆದಿಡಲು ಕಾಕುವಿಗೆ ಕೊಟ್ಟರು.