ಕೊಬ್ಬರಿ ಹಿಡಿದು ಹೇಳಿದ ಸುಳ್ಳು

ಚೇತು ಅವತ್ತು ಸುಳ್ಳು ಹೇಳಿರಲಿಲ್ಲ. ಹೇಳಿದವಳು ನಾನು. ಶಾಲೆಯ ಮಕ್ಕಳೆಲ್ಲ ಸುತ್ತ ಕೂತಿದ್ದಾಗ, ಕೈಯಲ್ಲಿ ಕೊಬ್ಬರಿ ಹಿಡಿದುಕೊಂಡು, ನನ್ನ ಮೊಮ್ಮಗನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡೆ.

ಸಿಂಚು, ನೀನಾಗ ಇನ್ನೂ ತೊಟ್ಟಿಲಲ್ಲಿದ್ದೆ. ನಿನಗೆ ಗೊತ್ತಿರುವುದು ಮನೆಯಲ್ಲಿ ಓಡಾಡುವ ತಮಾಷೆ ಮಾತ್ರ. ಅಣ್ಣ ಏನಾದರೂ ಹೇಳಿದರೆ ಸಾಕು, ನಿಮ್ಮಪ್ಪ "ಸಿಂಚು, ಅಟ್ಟದಿಂದ ಒಂದು ಕೊಬ್ರಿ ತತ್ತಾ, ಹಿಡ್ಕಂಡು ಹೇಳ್ಲಿ ಇವ್ನು" ಅನ್ನುತ್ತಾನೆ. ನೀನು ನಗುತ್ತೀಯ. ಚೇತುವೂ ನಗುತ್ತಾನೆ. ಒಲೆಯ ಹತ್ತಿರ ನಿಂತು ನಾನೂ — ಹೌದು, ನಾನೂ ನಕ್ಕಿದ್ದೇನೆ.

ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ನಿಮ್ಮ ತಾತ ಇದ್ದಾಗ ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದೆ, ಅವರು ಹೋದ ಮೇಲೆ ಬಾಗಿಲ ಹಿಂದೆ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಶೋಭಾ ಮಿಸ್ ನಮ್ಮೂರ ಶಾಲೆಗೆ ಬಂದ ವರ್ಷದ ಮಾತು. ಹೊಳೆನರಸೀಪುರದ ಕಡೆಯವರು. ಬಾಗೂರಿನಲ್ಲಿ ಬಸ್ಸಿಳಿದು ನಮ್ಮ ಹಳ್ಳಿಗೆ ನಡೆದು ಬರುತ್ತಿದ್ದರು. ಹಾಸನದಲ್ಲಿ ಟೀಚರುಗಳಿಗೆಲ್ಲ ಒಂದು ತರಬೇತಿ ಕೊಟ್ಟು ಕಳಿಸಿದ್ದರಂತೆ — ಮಕ್ಕಳಿಗೆ ಶಾಂತಿ, ಸಮಾನತೆ, ಪ್ರಜಾಪ್ರಭುತ್ವ ಕಲಿಸಬೇಕು, ಅದಕ್ಕೆ ಅವರವರ ಶಾಲೆಗೆ ತಕ್ಕ ಹಾಗೆ ಕಾರ್ಯಕ್ರಮ ರೂಪಿಸಿಕೊಳ್ಳಬೇಕು ಅಂತ. ಮಿಸ್ಸು ಆ ಮಾತುಗಳನ್ನು ಬೋರ್ಡಿನ ಮೇಲೆ ಬರೆದರು. ಮಕ್ಕಳು ದುಂಡಗೆ ಬರೆದುಕೊಂಡು, ಗಂಟೆ ಹೊಡೆದ ಮೇಲೆ ಹೊರಗೆ ಹೋಗಿ ಬಡಿದಾಡಿದವು. ನಮ್ಮ ಜಗಲಿಯ ಮೇಲೆ ಕೂತು ಅವರೇ ನಗುತ್ತಾ ಹೇಳಿದ್ದು ಇದು. ಮನೆಮನೆಗೂ ಹೋಗಿ ಹಳಬರನ್ನು ಕೇಳುತ್ತಿದ್ದರು: ನಿಮ್ಮ ಕಾಲದಲ್ಲಿ ಮಕ್ಕಳ ಜಗಳ ಹೇಗೆ ಬಿಡಿಸುತ್ತಿದ್ದಿರಿ?

ನಾನು ಬಾಗಿಲ ಹಿಂದಿನಿಂದಲೇ ಹೇಳಿದೆ. ನಮ್ಮವ್ವನಿಗೆ ಮನೆ ತುಂಬ ಮಕ್ಕಳು. ಜಗಳ ಎದ್ದರೆ ಅವ್ವ ಅಟ್ಟದಿಂದ ಒಂದು ಉಂಡೆ ಕೊಬ್ಬರಿ ತಂದು ನಮ್ಮ ನಡುವೆ ಇಡುತ್ತಿದ್ದಳು. ಕೊಬ್ಬರಿ ಯಾರ ಕೈಲಿದೆಯೋ ಅವರು ಮಾತ್ರ ಮಾತಾಡಬೇಕು, ಮಿಕ್ಕವರು ಬಾಯಿ ಹಾಕಬಾರದು. ಹಿಡಿದವರು ಸುಳ್ಳು ಹೇಳಬಾರದು. ಎಲ್ಲರದೂ ಮುಗಿದ ಮೇಲೆ ಅವ್ವ ಅದನ್ನು ಒಡೆದು ಬೆಲ್ಲದ ಜೊತೆ ಹಂಚುತ್ತಿದ್ದಳು. ತಿನ್ನುವ ಆಸೆಗೇ ಎಷ್ಟೋ ಜಗಳ ಬೇಗ ಮುಗಿಯುತ್ತಿದ್ದವು.

ಮಿಸ್ಸು ಎದ್ದು ಒಳಗೇ ಬಂದು ನನ್ನ ಕೈ ಹಿಡಿದುಕೊಂಡರು. ಇದರಿಂದಲೇ ಶುರು ಮಾಡೋಣ ಅಜ್ಜಿ ಅಂದರು.

ಹಾಗೆ ಶುರುವಾಯಿತು ಶನಿವಾರದ ಕೊಬ್ಬರಿ ಸುತ್ತು. ಶಾಲೆಯ ಹೊಂಗೆ ಮರದ ಕೆಳಗೆ ಎಲ್ಲರೂ ದುಂಡಗೆ ನೆಲದ ಮೇಲೆ — ಮಿಸ್ಸೂ ನೆಲದ ಮೇಲೆಯೇ. ಮಕ್ಕಳು ತಮ್ಮ ನಿಯಮ ತಾವೇ ಮಾಡಿಕೊಂಡರು, ಓಟು ಹಾಕಿ ತಮ್ಮ ಮಂತ್ರಿಗಳನ್ನು ಆರಿಸಿಕೊಂಡರು. ನಮ್ಮ ಚೇತು ನೀರಿನ ಮಂತ್ರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಓಡಿ ಹೋಗಿ ನೀರಿನ ಕೊಳಗ ಉಜ್ಜಿ, ತುಂಬಿಸಿ, ಮುಚ್ಚಳ ಮುಚ್ಚುತ್ತಿದ್ದ. "ಮಂತ್ರಿ ಆದೋನು ಎಲ್ರೂ ಕುಡುದ್ಮ್ಯಾಲೆ ಕುಡೀಬೇಕು ಕಣಜ್ಜಿ, ಅದು ರೂಲ್ಸು" ಅನ್ನುತ್ತಿದ್ದ, ದೊಡ್ಡ ಮನುಷ್ಯನ ಹಾಗೆ.

ಕೊಬ್ಬರಿ ನಮ್ಮ ಅಟ್ಟದ್ದು, ಬುದ್ಧಿ ನಮ್ಮವ್ವನದು. ಅದಕ್ಕೇ ಮಿಸ್ಸು ನನ್ನನ್ನೂ ಸುತ್ತಿನಲ್ಲಿ ಕೂರಿಸಿದರು. ಮಕ್ಕಳು ನನಗೆ ಕೊಬ್ರಿ ಅಜ್ಜಿ ಅಂತ ಹೆಸರಿಟ್ಟವು. ದಾರಿಯಲ್ಲಿ ಹೋಗುತ್ತಿದ್ದರೆ ಕೂಗಿ ಕರೆಯುತ್ತಿದ್ದವು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ನನ್ನದೇ ಅಂತ ಒಂದು ಹೆಸರಿಟ್ಟು ಗೌರವದಿಂದ ಕರೆದಿರಲಿಲ್ಲ. ಯಾರದೋ ಸೊಸೆ, ಯಾರದೋ ಹೆಂಡತಿ, ಯಾರದೋ ತಾಯಿ… ಆ ಹೆಸರು ನನಗೆ ಎಷ್ಟು ಹಿಡಿಸಿತ್ತು ಅಂದರೆ, ಶನಿವಾರಕ್ಕೆ ಅಂತ ಒಂದು ಸೀರೆ ಬೇರೆ ಎತ್ತಿಡುತ್ತಿದ್ದೆ.

ಈಗ ಪುಟ್ಟಮ್ಮನ ವಿಷಯ ಹೇಳಬೇಕು. ಕೇರಿಯ ಪುಟ್ಟಮ್ಮ ನಿಮ್ಮಪ್ಪನ ಮದುವೆಗೂ ಮೊದಲಿನಿಂದ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವಳು. ರಾಗಿ ಕಳೆ ಕೀಳುವುದು, ಕಾಯಿ ಆಯುವುದು ಎಲ್ಲಕ್ಕೂ ಅವಳೇ. ಅವಳ ಮಗಳು ಕಾವ್ಯ, ಚೇತುವಿನ ಕ್ಲಾಸಿನವಳು. ರಜೆಯ ದಿನ ಅವ್ವನ ಜೊತೆ ಬಂದು ನಮ್ಮ ಹಿತ್ತಲಲ್ಲಿ ಚೇತುವಿನ ಜೊತೆ ಆಡುತ್ತಿದ್ದಳು. ಮಧ್ಯಾಹ್ನ ಪುಟ್ಟಮ್ಮ ನೀರು ಕೇಳಿದರೆ ನಾನು ಹಿತ್ತಲ ಮೆಟ್ಟಿಲ ಮೇಲೆ ನಿಂತು ಚೊಂಬು ಎತ್ತಿ ಹುಯ್ಯುತ್ತಿದ್ದೆ. ಅವಳು ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಚೊಂಬು ಅವಳ ಕೈಗೆ ಹೋಗುತ್ತಿರಲಿಲ್ಲ. ಇದು ನಮ್ಮತ್ತೆ ನಡೆಸಿಕೊಂಡು ಬಂದದ್ದು ಅಂತ ಬರೆಯಲು ಹೊರಟಿದ್ದೆ — ಬೇಡ. ಹುಯ್ದ ಕೈ ನನ್ನದು.

ಒಂದು ಶನಿವಾರ ಸುತ್ತಿನಲ್ಲಿ ಕಾವ್ಯಳೇ ಮೊದಲು ಕೊಬ್ಬರಿ ಎತ್ತಿಕೊಂಡಳು.

"ಊಟ ಆದ್ಮ್ಯಾಲೆ ಚೇತು ಎಲ್ರಿಗೂ ಲೋಟದಲ್ಲಿ ನೀರ್ ಕೊಟ್ಟ. ನಂಗೊಬ್ಳಿಗೆ ಬೊಗ್ಸೆ ಇಡು ಅಂದ. ನಾನು ಕುಡೀಲಿಲ್ಲ."

ಅಷ್ಟೇ ಹೇಳಿ ಕೊಬ್ಬರಿಯನ್ನು ಚೇತುವಿಗೆ ದಾಟಿಸಿದಳು. ಅವನು ಹೆದರಲಿಲ್ಲ, ತಲೆ ತಗ್ಗಿಸಲಿಲ್ಲ. ಅವನಿಗೆ ಆಶ್ಚರ್ಯ ಅಷ್ಟೇ — ಇದರಲ್ಲಿ ತಪ್ಪೇನು ಅಂತ.

"ನಮ್ಮಜ್ಜಿ ಪುಟ್ಟಮ್ಮಂಗೆ ಅಂಗೇ ಕೊಡೋದು ಮಿಸ್. ಅವ್ರ ಮನೇವ್ರಿಗೆ ಅಂಗೇ ಕೊಡ್ಬೇಕೇನೋ ಅನ್ಕಂಡೆ."

ಮಗು ಮರ್ಯಾದೆ ಅಂತ ತಿಳಿದು ಮಾಡಿತ್ತು, ಕಣ್ಣಲ್ಲಿ ಕಂಡದ್ದನ್ನು ಕಂಡ ಹಾಗೆ.

ಕೊಬ್ಬರಿ ಕೈಯಿಂದ ಕೈಗೆ ಬಂದು ನನ್ನ ಮಡಿಲು ಸೇರಿತು. ಮಿಸ್ಸಿನ ಮುಖದಲ್ಲಿ ಸಿಟ್ಟಿರಲಿಲ್ಲ. ಹೇಳಿ ಅಜ್ಜಿ ಅಂದರು, ಮೆತ್ತಗೆ. ಹೌದು ಅನ್ನುವ ಒಂದು ಮಾತು ಸಾಕಾಗಿತ್ತು. ಆ ಮರದ ಕೆಳಗೆ ಅದಕ್ಕೆ ಜಾಗವೂ ಇತ್ತು. ಅದಕ್ಕೆಂದೇ ಕಟ್ಟಿದ ಸುತ್ತು ಅದು. ಆದರೆ ನನಗೆ ಕಂಡದ್ದು ಸುತ್ತ ಕೂತ ಮುಖಗಳು ಮಾತ್ರ. ಊರವರಿಗೆ ಹೆದರಿದೆ, ನೆಂಟರಿಗೆ ಹೆದರಿದೆ ಅಂದರೆ ಅದೂ ಸುಳ್ಳಾದೀತು. ನಾಳೆಯಿಂದ ಈ ಮಕ್ಕಳು ನನ್ನನ್ನು ಕೊಬ್ರಿ ಅಜ್ಜಿ ಅನ್ನುವುದಿಲ್ಲವಲ್ಲ — ಅಷ್ಟಕ್ಕೇ ಹೆದರಿದೆ.

"ನಾನ್ಯಾಕಪ್ಪ ಅಂಗೆ ಕೊಡ್ಲಿ? ಎಲ್ಲಿ ನೋಡ್ಕಂಡು ಬಂದ್ನೋ ಏನೋ" ಅಂದೆ.

ಚೇತು ಬಾಯಿ ತೆರೆದ. ಮುಚ್ಚಿಕೊಂಡ. ಕೊಬ್ಬರಿ ನನ್ನ ಕೈಲಿತ್ತಲ್ಲ. ನಾನೇ ಕೊಟ್ಟ ನಿಯಮ ಅವನ ಬಾಯಿ ಕಟ್ಟಿತು.

ಆಮೇಲೆ ಅದು ಮತ್ತೆ ಕಾವ್ಯಳ ಕೈಗೆ ಹೋಯಿತು. ಅವಳು ಎಲ್ಲ ನೋಡಿದವಳು. ನಮ್ಮ ಹಿತ್ತಲ ಗೋಡೆಗೆ ಒರಗಿ ನಿಂತು, ಅವಳವ್ವ ಬಗ್ಗಿ ಕುಡಿಯುವುದನ್ನು ಎಷ್ಟು ಸಲ ನೋಡಿದ್ದಳೋ. ಅಂಗೈಯಲ್ಲಿ ಕೊಬ್ಬರಿಯನ್ನು ಉರುಳಿಸುತ್ತಾ ನನ್ನನ್ನೇ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

"ಓಗ್ಲಿ ಬುಡಿ ಮಿಸ್" ಅಂದಳು. ಕೊಬ್ಬರಿಯನ್ನು ನೆಲಕ್ಕಿಟ್ಟಳು.

ಸೋಮವಾರ ಅವಳವ್ವ ನಮ್ಮ ಹೊಲಕ್ಕೆ ಬರಬೇಕಿತ್ತು. ಅದು ಆ ಹುಡುಗಿಗೆ ಗೊತ್ತಿತ್ತು. ಅವಳವ್ವನ ಕೂಲಿ ನನ್ನ ಸುಳ್ಳಿಗೆ ಕಾವಲು ನಿಂತಿತು.

ಮಕ್ಕಳು ತೀರ್ಮಾನ ಮಾಡಿದವು. ಚೇತು ಮಾಡಿದ್ದು ತಪ್ಪು, ಅದನ್ನು ಅಜ್ಜಿಯ ಮೇಲೆ ಹಾಕಿದ್ದು ಇನ್ನೂ ದೊಡ್ಡ ತಪ್ಪು, ಅವನು ಮಂತ್ರಿಯಾಗಿ ಇರುವುದು ಬೇಡ. ಒಪ್ಪಿದವರು ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು. ಚೇತುವೂ ಎತ್ತಿದ. ಸುತ್ತು ಏನು ಹೇಳಿದರೂ ಒಪ್ಪಬೇಕು ಅಂತ ಅವರೇ ಮಾಡಿಕೊಂಡ ನಿಯಮ ಇತ್ತು, ಅವನು ಅದನ್ನು ಮುರಿಯಲಿಲ್ಲ. ಮಿಸ್ಸು ನನ್ನ ಕಡೆ ಮತ್ತೊಮ್ಮೆ ನೋಡಿದರು, ಇನ್ನೂ ಹೊತ್ತಿದೆ ಅನ್ನುವ ಹಾಗೆ. ನಾನು ಎದ್ದು ಕೊಬ್ಬರಿ ಒಡೆದೆ. ಬೆಲ್ಲ ಹಂಚಿದೆ.

ಚೇತು ತನ್ನ ಪಾಲು ತಿನ್ನಲಿಲ್ಲ. ಚಡ್ಡಿ ಜೇಬಿನಲ್ಲಿಟ್ಟುಕೊಂಡು ಬಂದು, ಮನೆಯಲ್ಲಿ ನನ್ನ ಮುಂದೆ ಇಟ್ಟ.

"ನೀನೇ ತಿನ್ನಜ್ಜಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬಿಸಾಡಲು ಮನಸ್ಸಾಗದೆ ಅದನ್ನು ಸಾರಿಗೆ ತುರಿದು ಹಾಕಿದೆ. ಮನೆಯವರೆಲ್ಲ ಉಂಡೆವು.

ಶಾಲೆಯ ಸುದ್ದಿ ಕಿವಿಗೆ ಬಿದ್ದಾಗ ನಿಮ್ಮಪ್ಪ ಚೇತುವಿಗೆ ಎರಡೇಟು ಕೊಟ್ಟ, ಅಜ್ಜಿ ಮ್ಯಾಲೆ ಹೇಳ್ತೀಯೇನ್ಲಾ ಅಂತ. ನಾನು ಅಡ್ಡ ಬಂದು ಬಿಡಿಸಿದೆ, ಒಳ್ಳೆಯವಳ ಹಾಗೆ. ಚೇತು, ನೀನು ಮಾರನೇ ದಿನವೂ ಬಚ್ಚಲಿನಿಂದ ಬೆನ್ನುಜ್ಜು ಬಾ ಅಜ್ಜಿ ಅಂತ ನನ್ನನ್ನೇ ಕರೆದೆ. ನನ್ನನ್ನು ಬಿಟ್ಟುಕೊಡಲೇ ಇಲ್ಲ. ನಿನ್ನ ಆ ಪ್ರೀತಿಯ ಹಿಂದೆಯೇ ನಾನು ಬಚ್ಚಿಟ್ಟುಕೊಂಡೆ — ಮೊದಲು ಬಾಗಿಲ ಹಿಂದೆ ನಿಲ್ಲುತ್ತಿದ್ದೆನಲ್ಲ, ಹಾಗೆ.

ಸೋಮವಾರ ಪುಟ್ಟಮ್ಮ ನೀರು ಕೇಳಿದಳು. ಇವತ್ತು ಲೋಟದಲ್ಲೇ ಕೊಡಬೇಕು ಅಂದುಕೊಂಡು, ಲೋಟ ತುಂಬಿಸಿಕೊಂಡು ಮೆಟ್ಟಿಲವರೆಗೆ ಹೋದೆ. ಅವಳು ರೂಢಿಯ ಮೇಲೆ ಬಗ್ಗಿ ಬೊಗಸೆ ಒಡ್ಡಿದಳು. ನಾನು… ಹುಯ್ದೆ. ಲೋಟದಿಂದಲೇ ಬೊಗಸೆಗೆ ಹುಯ್ದೆ. "ಸಾಕು ಅಮ್ಮಾರೆ" ಅಂದು ಬಾಯೊರೆಸಿಕೊಂಡು ಹೋದಳು. ಆ ಸಲದ ರಾಗಿ ಕುಯ್ಲು ಮುಗಿದ ಮೇಲೆ ಅವಳು ನಮ್ಮ ಹೊಲಕ್ಕೆ ಬರಲಿಲ್ಲ. ಏನೂ ಹೇಳದೆ ಬಿಟ್ಟಳು. ಕಾವ್ಯ ಚೆನ್ನಾಗಿ ಓದಿದಳು. ಈಗ ಚನ್ನರಾಯಪಟ್ಟಣದಲ್ಲಿ ನರ್ಸು ಓದುತ್ತಿದ್ದಾಳೆ, ತಾಯಿಯೂ ಅಲ್ಲೇ ಮನೆ ಮಾಡಿಕೊಂಡಿದ್ದಾಳೆ.

ಇಷ್ಟನ್ನೂ ಹೇಳದೆಯೇ ಹೋಗುತ್ತಿದ್ದೆನೋ ಏನೋ. ಹಾಸನದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿರುವ ಚೇತು ಮೊನ್ನೆ ರಜೆಗೆ ಬಂದವನು, ನನ್ನ ಜೊತೆ ಕೂತು ಅವರೆಕಾಯಿ ಸುಲಿಯುತ್ತಾ ಹೇಳಿದ: ಅರಕಲಗೂಡಿನ ಕಡೆ ಒಂದು ಶಾಲೆಗೆ ಪಾಠ ಮಾಡಲು ಕಳಿಸುತ್ತಾರಂತೆ. ಜಗಳ ಮಾಡದೆ, ಒಬ್ಬರನ್ನೊಬ್ಬರು ಕೀಳು ಮಾಡದೆ ಮಕ್ಕಳು ಕೂಡಿ ಬಾಳುವುದು ಹೇಗೆ ಅಂತ ಅವನೇ ಒಂದು ಕಾರ್ಯಕ್ರಮ ತಯಾರು ಮಾಡಬೇಕಂತೆ.

"ಕೊಬ್ರಿ ಸುತ್ತನ್ನೇ ಮಾಡ್ತೀನಿ. ನಮ್ಮಜ್ಜಿ ಹೇಳ್ಕೊಟ್ಟಿದ್ದು ಅಂತ ಮೇಲೇ ಬರ್ದಿವ್ನಿ ಕಣಜ್ಜಿ."

ಸುಲಿಯುತ್ತಿದ್ದ ನನ್ನ ಕೈ ನಿಂತಿತು. ಆ ಕೊಬ್ರಿ ಮ್ಯಾಲೆ ನಿಂಗೆ ಸಿಟ್ಟಿಲ್ವೇನ್ಲಾ ಅಂದೆ. ಅವನು ತಲೆ ಎತ್ತಲಿಲ್ಲ.

"ಕೊಬ್ರಿದೇನ್ ತಪ್ಪಜ್ಜಿ?"

ಅಷ್ಟೇ. ಮತ್ತೆ ಕಾಯಿ ಸುಲಿಯತೊಡಗಿದ.

ಚೇತು, ನಿನ್ನ ಹಾಳೆಯ ಮೇಲೆ ನನ್ನ ಹೆಸರು ಇರುವುದಾದರೆ ಅದರ ಕೆಳಗೆ ಇದನ್ನೂ ಬರೆ. ಹೇಳಿಕೊಟ್ಟ ಅಜ್ಜಿಯೇ ಅದನ್ನು ಮೊದಲು ಕೆಡಿಸಿದಳು ಅಂತ ಬರೆ. ಬೇಡ ಅನ್ನಿಸಿದರೆ ಹೆಸರು ಹೊಡೆದುಹಾಕು, ಸುತ್ತನ್ನು ಬಿಡಬೇಡ. ದೊಡ್ಡವರನ್ನು ಕೂರಿಸಿದರೆ ಅವರ ಮಾತು ಆದ ಮೇಲೆ ಮಕ್ಕಳಿಗೆ ಇನ್ನೊಂದು ಸಲ ಕೊಬ್ಬರಿ ಕೊಡು. ಸಿಂಚು, ಇನ್ನು ಅಣ್ಣನನ್ನು ನೋಡಿ ಆ ತಮಾಷೆಗೆ ನಗಬೇಡ. ನಿಮ್ಮಪ್ಪನಿಗೆ ಇದನ್ನು ನಾನೇ ಓದಿ ಹೇಳುತ್ತೇನೆ. ದನಿ ನಡುಗಿದರೆ ನಡುಗಲಿ.

ಭಾನುವಾರ ಚನ್ನರಾಯಪಟ್ಟಣದ ಬಸ್ಸು ಹತ್ತುತ್ತೇನೆ. ಒಬ್ಬಳೇ. ಅವರು ಒಳಗೆ ಕರೆಯಬೇಕು, ಕುಡಿಯಲು ನೀರು ಕೊಡಬೇಕು ಅನ್ನುವ ಆಸೆ ಇಟ್ಟುಕೊಂಡು ಹೋಗುವುದಿಲ್ಲ. ಬಾಗಿಲಲ್ಲೇ ನಿಂತಾದರೂ ಪುಟ್ಟಮ್ಮನ ಎದುರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಅಟ್ಟದಿಂದ ಒಂದು ಕೊಬ್ಬರಿ ಇಳಿಸಿ ಒರೆಸಿಟ್ಟಿದ್ದೇನೆ. ನನ್ನದು ಮುಗಿದ ಮೇಲೆ ಅದನ್ನು ಕಾವ್ಯಳ ಕೈಗೆ ಕೊಡುತ್ತೇನೆ. ಅವತ್ತು ಅವಳು ನೆಲಕ್ಕಿಟ್ಟ ಮಾತು ಇನ್ನೂ ಅವಳಲ್ಲೇ ಇದ್ದೀತು. ಅವಳು ಎಷ್ಟು ಹೊತ್ತು ಹೇಳಿದರೂ, ಏನು ಹೇಳಿದರೂ, ನಾನು ನಡುವೆ ಬಾಯಿ ಹಾಕುವುದಿಲ್ಲ.